ಏರ್‌ಫೋರ್ಸ್ ಮೊದಲಾ, ಏರ್‌ಲೈನ್ ಮೊದಲಾ? (ಭಾಗ 3)

ಹೋದ ಪೋಸ್ಟಿನ ಕೆಳಗ ಬಾಳ ಮಂದಿ ಒಂದೇ ಮಾತು ಕೇಳಿದ್ರಿ: "ಏರ್‌ಫೋರ್ಸಿನಾಗ 14 ವರ್ಷ ಕಳದ್ರ ಏರ್‌ಲೈನ್‌ನಾಗ ಹಿಂದ ಬೀಳ್ತೀವಲ್ಲ?" ಹೌದು, ಬೀಳ್ತೀರಿ. ಮುಚ್ಚಿಡೋದು ಬ್ಯಾಡ.

ಏರ್‌ಲೈನ್‌ನಾಗ ಸೀನಿಯಾರಿಟಿ ಶುರುವಾಗೋದು ಆ ಕಂಪನಿಗೆ ಸೇರಿದ ದಿನದಿಂದ. ಕ್ಯಾಪ್ಟನ್ ಯಾವಾಗ, ಯಾವ ಊರಿನ ಬೇಸ್, ಘತ್ತರಗಿ ಭಾಗ್ಯವಂತಿ ಜಾತ್ರಿಗೆ ರಜಾ ಸಿಗ್ತದೋ ಇಲ್ಲೋ, ಇದರಾಗೆಲ್ಲಾ ಆ ಸಾಲಿಗೆ ಬೆಲೆ ಅದ. ಬೀದರಿನಾಗ ಹಾಕ್ ವಿಮಾನ ಹಾರಿಸಿ ಬಂದವರೂ ಹೊಸಬರಾಗೇ ಸೇರಬೇಕು. ಹಾರಿದ ಗಂಟೆ ಲೆಕ್ಕಕ್ಕ ಬರ್ತಾವ, ಆದ್ರ ಡಿಜಿಸಿಎ ಲೈಸೆನ್ಸ್ ಬೇಕೇ ಬೇಕು. ಸಾರಿಗೆ ವಿಮಾನ ಹಾರಿಸಿದವರಿಗೆ ಈ ದಾರಿ ಸಲೀಸು. ಫೈಟರ್, ಹೆಲಿಕಾಪ್ಟರ್ ಮಂದಿಗೆ ತುಸು ಸುತ್ತು.

ಈಗ ವಯಸ್ಸಿನ ಲೆಕ್ಕ ಹಾಕ್ರಿ. 24ಕ್ಕೆ ಶಾರ್ಟ್ ಸರ್ವಿಸ್ ಕಮಿಷನ್ ಸಿಕ್ಕರೆ 38ಕ್ಕೆ ಹೊರಗೆ. ಏರ್‌ಲೈನ್ ಪೈಲಟ್ 65ರವರೆಗೆ ಹಾರಬಹುದು, ಅಂದ್ರ ಇನ್ನೂ 27 ವರ್ಷ! ಇನ್ನೊಂದು ಕಡೆ, ಭೀಮಾ ದಂಡಿ ಹೊಲ ಒತ್ತೆ ಇಟ್ಟು ಐವತ್ತು ಲಕ್ಷದ ಆಸುಪಾಸು ಸಾಲ ಮಾಡಿ ಸಿಪಿಎಲ್ ಮಾಡಿದ ಹುಡುಗ. ಅವ 200 ಗಂಟೆ ಹಾರಿ ಲೈಸೆನ್ಸ್ ಹಿಡಕೊಂಡು, ಕೆಲಸ ಸಿಗೋತನಕ ಬಡ್ಡಿ ಕಟ್ತಿರ್ತಾನ. ಏರ್‌ಫೋರ್ಸ್ ಕಲಿಸಿಯೂ ಕಲಿಸ್ತದ, ಪಗಾರೂ ಕೊಡ್ತದ. ನಮ್ಮಂಥ ಮನೆಯವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕೆಲವರು ವಾದ ಮಾಡ್ತಾರ, ಸೈನ್ಯದ ವರ್ಷಗಳನ್ನ ಏರ್‌ಲೈನ್ ಸೀನಿಯಾರಿಟಿಗೆ ಸೇರಿಸಬೇಕು ಅಂತ. ನಾನು ಒಪ್ಪಲ್ಲ. ಅಮೆರಿಕದಾಗ 1994ರ ಕಾಯ್ದೆ ಅದ, ಏರ್‌ಲೈನ್ ಪೈಲಟ್ ಮೀಸಲು ಪಡೆಯ ಕರೆಗೆ ಹೋಗಿ ಬಂದ್ರ ಅವನ ಜಾಗ ಹಂಗೇ ಇರ್ತದ. ಆದರೆ ಅವ ಮೊದಲೇ ಆ ಸಾಲಿನಾಗ ನಿಂತವ. ಇಲ್ಲಿ ಸಾಲ ತೀರಿಸ್ತಾ 13 ವರ್ಷ ದುಡಿದವನ ಮುಂದ ನಿನ್ನೆ ಬಂದವರನ್ನ ನಿಲ್ಲಿಸಿದ್ರ ಅದು ನ್ಯಾಯ ಹೆಂಗಾಗ್ತದ?

ನನ್ನ ಸಿಟ್ಟು ಬೇರೆ ಕಡೆ. ಪರ್ಮನೆಂಟ್ ಕಮಿಷನ್ನಿನವರು 20 ವರ್ಷ ಮುಗಿಸಿದ್ರ ಪಿಂಚಣಿ ಅದ. ಶಾರ್ಟ್ ಸರ್ವಿಸಿನವರಿಗೆ 14 ವರ್ಷ ದುಡಿದರೂ ಇಲ್ಲ. ಆ ನಷ್ಟ ತುಂಬಬೇಕಾದದ್ದು ಸರ್ಕಾರ, ಸಾಲಿನಾಗ ನಿಂತ ಹುಡುಗ ಅಲ್ಲ. ಏರ್‌ಲೈನ್‌ಗಳು ಪಗಾರ ಹಾಕುವಾಗ ಹಾರಿದ ಗಂಟೆ ನೋಡಲಿ, ಅಷ್ಟು ಸಾಕು.

ಅಂದಹಾಗೆ, ಸೀನಿಯಾರಿಟಿ ಅಂದ್ರ ಬ್ಯಾಂಕಿನಾಗಿಟ್ಟ ರೊಕ್ಕ ಅಲ್ಲ. ನಮ್ಮ ಬೆಂಗಳೂರಿನದೇ ಕಿಂಗ್‌ಫಿಷರ್ 2012ರಾಗ ನಿಂತಾಗ ಪಟ್ಟಿಯ ಮೊದಲಿನವರೂ ಕೊನೆಯವರೂ ಒಂದೇ ದಿನ ಬೀದಿಗೆ ಬಂದ್ರು. ಅದಕ್ಕೇ ಹೇಳ್ತೀನಿ, ಅರ್ಹತೆ ಇದ್ದವರು ಮೊದಲು ಎನ್‌ಡಿಎ, ಎಎಫ್‌ಕ್ಯಾಟ್ ಬರೀರಿ.

ಮುಂದಿನ ಭಾಗದಾಗ ಮೆಡಿಕಲ್. ಕನ್ನಡಕ ಇದ್ದವರು ಪ್ರಶ್ನೆ ಈಗಲೇ ಕೆಳಗ ಹಾಕ್ರಿ.

#ಘತ್ತರಗಿ #ಅಫಜಲಪುರ #ಪೈಲಟ್‌ಕನಸು