ಕಿವಿ ಮುಚ್ಚುವ ಟೊಪ್ಪಿಗೆ



ಆಗಮನ ಕಾಲ ಬಂತೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಪೇಟೆಗಳಲ್ಲಿ ಉಣ್ಣೆಯ ಟೊಪ್ಪಿಗೆಗಳು ಕಾಣತೊಡಗುತ್ತವೆ. ಕುರಿಗಾಹಿಗಳು ಕಂಬಳಿಯ ಕೊಪ್ಪೆ ಹಾಕಿಕೊಂಡದ್ದು, ಅಜ್ಜಿಯರು ಕೂಸಿಗೆ ಕುಂಚಿಗೆ ಹೊಲಿದದ್ದು ಇದೇ ತಿಳಿವಿನಿಂದ. ಕಿವಿಯಲ್ಲಿ ಕೊಬ್ಬು ಕಡಿಮೆ, ಚಳಿ ಬೇಗ ತಟ್ಟುತ್ತದೆ.

ಕೊಳ್ಳುವಾಗ ಬಣ್ಣಕ್ಕಿಂತ ಅಳತೆ ನೋಡೋಣ. ಕಿವಿಯ ಹಾಲೆ ಮುಚ್ಚಬೇಕು, ಹಣೆ ಬಿಗಿಯಬಾರದು. ಉಣ್ಣೆ ಚುಚ್ಚುವುದಾದರೆ ಒಳಗೆ ಹತ್ತಿಯ ಅಸ್ತರು ಇರಲಿ. ಮನೆಯೊಳಗೆ ಮಲಗಿದ ಕೂಸಿಗೆ ಮಾತ್ರ ಟೊಪ್ಪಿಗೆ ಬೇಡ. ಮೈ ಕಾವೇರೀತು, ಮುಖದ ಮೇಲೆ ಜಾರೀತು.

ಕಳೆದ ಕ್ರಿಸ್ಮಸ್ ನಡುರಾತ್ರಿಯ ಬಲಿಪೂಜೆಯಲ್ಲಿ ಹಿರಿಯರೊಬ್ಬರು ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು ನಡುಗುತ್ತ ಕುಳಿತಿದ್ದರು. “ಹಾಕ್ಕೊಳ್ರಿ ಅಜ್ಜಾ” ಎನ್ನಲು ನಮಗೂ ಹೊಳೆಯಲಿಲ್ಲ. ಪೂಜೆಯಲ್ಲಿ ಗಂಡಸರು ಬರಿದಲೆಯಲ್ಲಿರಬೇಕೆಂದು 1917ರ ಧರ್ಮಸಭೆಯ ಕಾನೂನು ಸಂಹಿತೆ ಹೇಳಿತ್ತು. 1983ರ ಸಂಹಿತೆಯಲ್ಲಿ ಆ ನಿಯಮವಿಲ್ಲ. ಗೌರವದ ರೂಢಿ ಉಳಿಯಲಿ, ನಡುಗುವ ಮುದಿಜೀವಕ್ಕೆ ಅದು ಹೊರೆಯಾಗದಿರಲಿ.

ಈ ಸಲ ಮನೆಗೆ ಟೊಪ್ಪಿಗೆ ಕೊಳ್ಳುವಾಗ ಹಿಂದಿನ ಬೆಂಚಿನ ಅಜ್ಜನಿಗೂ ಒಂದು ತನ್ನಿ. ಅದನ್ನು ಹಾಕಿಕೊಂಡೇ ಅವರು ಕೂರಲಿ. ಬೆಚ್ಚಗಿರುವ ಕಿವಿಗೆ ಶುಭಸಂದೇಶವೂ ಹಿತವಾಗಿ ಕೇಳಿಸೀತು.