ಎಸ್ಟಿಮೇಟಿನಲ್ಲಿ ಇಲ್ಲದ ಮೇಜು

ಊರಲ್ಲಿ ಕಟ್ಟಿಸುವ ನಮ್ಮವರ ಮನೆಗಳ ಎಸ್ಟಿಮೇಟು ನಾವು ಎಷ್ಟೋ ನೋಡಿದ್ದೇವೆ. ಹಾಲಿಗೆ ಗ್ರಾನೈಟ್, ಸಿಟೌಟಿಗೆ ಟೈಲ್ಸ್, ದೊಡ್ಡ ಗೇಟು. ಎಸ್ಸೆಸ್ಸೆಲ್ಸಿ ಓದುವ ಮಗಳಿಗೆ ಒಂದು ಮೇಜು, ಒಂದು ಲೈಟು? ಯಾವ ಲೆಕ್ಕದಲ್ಲೂ ಇಲ್ಲ. ಅವಳು ಟಿವಿ ಎದುರಿನ ಸೋಫಾದಲ್ಲೇ ಓದಬೇಕು.

ಮತ್ತೆ ಈ ವಿಡಿಯೋ ಕಾಲ್! ಸೌದಿಯಲ್ಲಿ ಡ್ಯೂಟಿ ಮುಗಿಸಿ ರಾತ್ರಿ 8.30ಕ್ಕೆ ಮಾಡಿದರೆ ಊರಲ್ಲಿ 11. ನಿದ್ದೆಗಣ್ಣಲ್ಲಿ ಕೂತವಳಿಗೆ ಕೇಳುವುದೇನು? ‘ಮಾರ್ಕ್ ಎಷ್ಟು? ಪಕ್ಕದ ಮನೆಯವಳಿಗೆ ಎಷ್ಟು?’ ಬೆಳಿಗ್ಗೆ ಸುಬುಹಿಗೆ ಏಳಬೇಕಾದ ಹುಡುಗಿ ಅದು. ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಓದಿದ್ದು ತಲೆಯಲ್ಲಿ ನಿಲ್ಲಲಿಕ್ಕೂ ನಿದ್ದೆಯೇ ಬೇಕು.

‘ಮಕ್ಕಳಿಗೋಸ್ಕರ ತಾನೇ ದುಡಿಯುವುದು’ ಅನ್ನುವವರಿಗೆ ನಾವು ಹೇಳುವುದಿಷ್ಟೇ: ಪರೀಕ್ಷೆ ಮುಗಿಯುವ ತನಕ ಶುಕ್ರವಾರ ಅಸರ್ ಆದ ಮೇಲೆ ಕಾಲ್ ಮಾಡಿ, ಅಲ್ಲಿ ಆಗ ಸಂಜೆ. ಮೇಜು ಈ ತಿಂಗಳೇ ತರಿಸಿ. ಗೇಟಿಗೆ ಅವಸರ ಇಲ್ಲ.