ಎಳ್ಳೆಲ್ಲ ಮಾರಬೇಡಿರಿ

ನಂದಗಡದ ಸುತ್ತಿನ ರೈತ ಬಾಂಧವರೇ, ಬದುವಿನಲ್ಲಿ ಬೆಳೆದ ಎಳ್ಳನ್ನು ಒಂದು ಕಾಳೂ ಉಳಿಸದೆ ಮಾರಿ, ಸಂಕ್ರಾಂತಿಗೆ ಪೇಟೆಯಿಂದ ಕೊಂಡು ತರುವುದು ಯಾವ ಲೆಕ್ಕ? ಜಪಾನಿಗೆ ಎಳ್ಳು ಬಹುತೇಕ ಪರದೇಶದಿಂದಲೇ ಬರಬೇಕು. ಆದರೂ ಅವರು ಅದನ್ನು ಹುರಿದು ಅರೆದು, ಹುಳಿ-ಸಿಹಿ ಬೆರೆಸಿ, ಕೆನೆಯಂತೆ ಮಾಡಿ ಹಸಿ ತರಕಾರಿಗೆ ಸುರಿದುಕೊಳ್ಳುತ್ತಾರೆ. ನಮಗೇನು ಕಷ್ಟ?

ನಾಲ್ಕು ಚಮಚ ಬಿಳಿ ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವತನಕ ಹುರಿಯಿರಿ, ಸೀದರೆ ಕಹಿ. ಆರಿದ ಮೇಲೆ ಎಣ್ಣೆ ಬಿಡುವಂತೆ ಅರೆಯಿರಿ. ಕಾಳಿನಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ ಇದೆ, ಬೇರೆ ಬೇಡ. ಅರ್ಧ ಬಟ್ಟಲು ಗಟ್ಟಿ ಮೊಸರು, ಉಪ್ಪು, ತುಸು ಬೆಲ್ಲ, ನಿಂಬೆರಸ ಕೂಡಿಸಿ ಸವತೆಕಾಯಿ, ಗಜ್ಜರಿ, ಎಳೆ ಮೆಂತೆಯ ಪಚಡಿಗೆ ಕಲಸಿರಿ. ಸೋಯಾ ರಸವಿಲ್ಲದೆ ಜಪಾನಿ ರುಚಿ ಬಾರದು, ನಿಜ. ರೊಟ್ಟಿಗೆ ಇದೇ ಮೇಲು.

ಈ ಸಲ ವ್ಯಾಪಾರಿ ಬರುವ ಮೊದಲೇ ಎರಡು ಸೇರು ಎಳ್ಳು ಒಣಗಿಸಿ ಡಬ್ಬಿಗೆ ತುಂಬಿಡಿರಿ.